ಉಗುರಿನ ತಪ್ಪೋ, ಮಾಂಸದ ತಪ್ಪೋ

ಉಗುರಿನ ಸುತ್ತ ಊದಿ ಕೀವುಗಟ್ಟಿದರೆ ಅದನ್ನು ಉಗುರುಸುತ್ತು ಎನ್ನುವುದು ಕನ್ನಡದ ರೂಢಿ. ಕೈಬೆರಳಿಗೆ ಬಂದರೆ ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಟೊಪ್ಪಿಗೆಯಂತೆ ತೊಡಿಸುವ ಮನೆಮದ್ದೂ ಗೊತ್ತಿರುವುದೇ. ಕಾಲಿನ ಹೆಬ್ಬೆರಳಿಗೆ ಬರುವುದು ಬಹಳ ಸಲ ಬೇರೆಯದೇ ತೊಂದರೆ. ಅಲ್ಲಿ ಉಗುರಿನ ಒಂದು ಪಕ್ಕದ ಅಂಚು ಮಗ್ಗುಲ ಮಾಂಸದೊಳಕ್ಕೆ ಇಳಿದಿರುತ್ತದೆ. ಮೊದಲು ಆ ಜಾಗ ಕೆಂಪಾಗಿ ಊದಿ ನೋಯುತ್ತದೆ; ಆಮೇಲೆ ಕೀವು ಬರುತ್ತದೆ; ಹಾಗೇ ಬಿಟ್ಟರೆ ಗಾಯದ ಬಾಯಲ್ಲಿ, ಮುಟ್ಟಿದರೆ ರಕ್ತ ಒಸರುವ ಹಸಿಮಾಂಸ ಬೆಳೆದು ಉಗುರಿನ ಮೇಲಕ್ಕೆ ಹತ್ತಿಕೊಳ್ಳುತ್ತದೆ. ಹೈಫೆಟ್ಜ್ ಎಂಬ ವೈದ್ಯ 1937ರಲ್ಲಿ ಈ ಮೂರು ಹಂತಗಳನ್ನು ವಿಂಗಡಿಸಿದ. ಇಂದಿಗೂ ಶಸ್ತ್ರವೈದ್ಯರು ಹಂತ ಹೇಳುವುದು ಬಹುಮಟ್ಟಿಗೆ ಅವನ ಲೆಕ್ಕದಲ್ಲೇ.

ಪ್ರಾಣಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲದ, ಆದರೆ ಹೆಜ್ಜೆ ಊರಲು ಬಿಡದ ಈ ನೋವಿನ ಚರಿತ್ರೆಯೆಂದರೆ ಒಂದು ಹಳೆಯ ವ್ಯಾಜ್ಯದ ಚರಿತ್ರೆ. ತಪ್ಪು ಚುಚ್ಚುವ ಉಗುರಿನದೋ, ಉಬ್ಬಿ ಬಂದು ಉಗುರಿಗೆ ಮೈಯೊಡ್ಡುವ ಮಾಂಸದ್ದೋ? ವೈದ್ಯ ಯಾರ ಪಕ್ಷ ಹಿಡಿಯುತ್ತಾನೋ ಅವನ ಕತ್ತಿ ಅದರ ಎದುರು ಪಕ್ಷದ ಮೇಲೆ ಬೀಳುತ್ತದೆ. ಉಗುರನ್ನು ದೂರಿದವರು ಉಗುರು ಕಿತ್ತರು, ಮಾಂಸವನ್ನು ದೂರಿದವರು ಮಾಂಸ ಕೊಯ್ದರು. ಈ ಜಗಳ ಸಾವಿರ ವರ್ಷ ದಾಟಿದರೂ ಪೂರ್ತಿ ತೀರ್ಮಾನವಾಗಿಲ್ಲ.

ಭಾರತದ ಹಳೆಯ ವೈದ್ಯಗ್ರಂಥಗಳಲ್ಲಿ ಉಗುರಿಗೆ ತಕ್ಕಷ್ಟು ಜಾಗವಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನ ಎಣಿಸುವ ಇಪ್ಪತ್ತು ಶಸ್ತ್ರಗಳಲ್ಲಿ ನಖಶಸ್ತ್ರವೂ ಒಂದು. ಅದೇ ಗ್ರಂಥ ಕ್ಷುದ್ರರೋಗಗಳ ಸಾಲಿನಲ್ಲಿ ಉಗುರಿನ ಎರಡು ಬೇನೆಗಳನ್ನು ಹೆಸರಿಸುತ್ತದೆ. ಉಗುರಿನ ಮಾಂಸ ಉರಿದು, ನೊಂದು, ಕೀವಾಗುವುದು ಚಿಪ್ಪ. ಪೆಟ್ಟು ಬಿದ್ದ ಉಗುರು ಕಪ್ಪಾಗಿ, ಒರಟಾಗಿ, ಗಡುಸಾಗುವುದು ಕುನಖ. ಚಿಪ್ಪಕ್ಕೆ ಹೇಳಿರುವ ಚಿಕಿತ್ಸೆ ನೇರವಾದದ್ದು: ಬಿಸಿನೀರು ಹುಯ್ದು ಮೆತ್ತಗೆ ಮಾಡುವುದು, ಕೊಯ್ದು ಕೆಟ್ಟದ್ದನ್ನು ಹರಿಸುವುದು, ಗಾಣದ ಎಣ್ಣೆ ಸವರಿ ಸರ್ಜವೃಕ್ಷದ ಅಂಟಿನ ಪುಡಿ ಉದುರಿಸಿ ಪಟ್ಟಿ ಕಟ್ಟುವುದು, ಇದಕ್ಕೂ ಬಗ್ಗದಿದ್ದರೆ ಬೆಂಕಿಯಿಂದ ಸುಡುವುದು. ಚಿಪ್ಪವೇ ಇಂದಿನ ಒಳಬೆಳೆದ ಉಗುರು ಎಂದು ಹೇಳಿಬಿಡುವ ಆತುರ ಕೆಲವು ಬರಹಗಳಲ್ಲಿ ಕಾಣುತ್ತದೆ. ಅದು ಸರಿಯಲ್ಲ. ಸುಶ್ರುತನ ವರ್ಣನೆಯಲ್ಲಿ ಉರಿಯೂ ಕೀವೂ ಇವೆ, ಮಾಂಸಕ್ಕೆ ಚುಚ್ಚಿದ ಉಗುರಂಚಿನ ಮಾತಿಲ್ಲ. ಅದು ಉಗುರುಸುತ್ತಿಗೇ ಹೆಚ್ಚು ಹತ್ತಿರ.

ತಡೆಗಟ್ಟುವ ವಿಷಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಮಾತು ಸಿಗುವುದು ವೈದ್ಯಗ್ರಂಥದಲ್ಲಲ್ಲ, ಬೌದ್ಧ ಭಿಕ್ಷುಗಳ ನಿಯಮಗಳಲ್ಲಿ. ಪಾಲಿ ವಿನಯಪಿಟಕದ ಚುಲ್ಲವಗ್ಗ ಹೇಳುವಂತೆ, ಉದ್ದ ಉಗುರು ಬಿಡಬಾರದೆಂಬ ನಿಯಮ ಬಂದಾಗ ಭಿಕ್ಷುಗಳು ಉಗುರನ್ನು ಉಗುರಿನಿಂದಲೇ ಚಿವುಟಿದರು, ಹಲ್ಲಿನಿಂದ ಕಚ್ಚಿದರು, ಗೋಡೆಗೆ ಉಜ್ಜಿದರು. ಬೆರಳು ನೊಂದವು. ಆಗ ಉಗುರು ಕತ್ತರಿಸುವ ಸಾಧನವನ್ನು ಬುದ್ಧ ಅನುಮತಿಸಿದ. ಭಿಕ್ಷುಗಳು ರಕ್ತ ಬರುವಷ್ಟು ಒಳಕ್ಕೆ ಕತ್ತರಿಸಿಕೊಂಡರು, ಮತ್ತೆ ಬೆರಳು ನೊಂದವು. ಮಾಂಸದ ಮಟ್ಟಕ್ಕೆ ಮಾತ್ರ ಕತ್ತರಿಸಬೇಕೆಂದು ಇನ್ನೊಂದು ನಿಯಮ ಬಂತು. ಇಂದಿನ ಆಸ್ಪತ್ರೆಯ ಸಲಹಾಚೀಟಿಯಲ್ಲಿ ಇರುವುದೂ ಇದೇ ಮಾತು. ಕೂದಲು, ಗಡ್ಡ, ಉಗುರುಗಳನ್ನು ಪಕ್ಷಕ್ಕೆ ಮೂರು ಸಲ ತೆಗೆಸಬೇಕೆಂದು ಚರಕಸಂಹಿತೆ ಹೇಳುತ್ತದೆ. ಕಾಲ್ಬೆರಳ ಉಗುರಿನ ಮಟ್ಟಿಗೆ ಅದು ಸ್ವಲ್ಪ ಅತಿಯೇ ಆಯಿತು. ಅದು ಬೆಳೆಯುವುದು ತಿಂಗಳಿಗೆ ಒಂದೂವರೆ ಮಿಲಿಮೀಟರಿನ ಆಸುಪಾಸು.

ಈಜಿಪ್ಟಿನಲ್ಲಿ ಉಗುರು ನೋಡಿಕೊಳ್ಳುವುದು ಅರಮನೆಯ ಹುದ್ದೆಯೇ ಆಗಿತ್ತು. ಸಕ್ಕಾರಾದಲ್ಲಿ 1964ರಲ್ಲಿ ಸಿಕ್ಕ ಒಂದು ಗೋರಿ ನಿಯಾಂಖ್‌ಖ್ನುಮ್ ಮತ್ತು ಖ್ನುಮ್‌ಹೊತೆಪ್ ಎಂಬ ಇಬ್ಬರದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ, ಐದನೆಯ ರಾಜವಂಶದ ಕಾಲದಲ್ಲಿ, ಅವರು ಅರಸನ ಉಗುರು ತಿದ್ದುವವರ ಮೇಲ್ವಿಚಾರಕರು. ಅಲ್ಲಿಯೇ ಇರುವ ಅಂಖ್‌ಮಹೋರನ ಗೋರಿಯ ಗೋಡೆಯಲ್ಲಿ ಒಬ್ಬ ಇನ್ನೊಬ್ಬನ ಕಾಲ್ಬೆರಳನ್ನು ಹಿಡಿದು ಏನೋ ಮಾಡುತ್ತಿರುವ ಕೆತ್ತನೆಯಿದೆ. ಅದು ಶಸ್ತ್ರಚಿಕಿತ್ಸೆ ಎಂದು ಕೆಲವರು, ಬರೀ ಉಗುರು ತೆಗೆಯುವ ಕೆಲಸ ಎಂದು ಕೆಲವರು. ಆ ಕಾಲದಲ್ಲಿ ಎರಡೂ ಒಬ್ಬನದೇ ಕಸುಬಾಗಿದ್ದಿರಬಹುದು.

ಉಗುರಿನ ಮೂಲೆ ಮಾಂಸವನ್ನು ಒತ್ತುತ್ತಿದೆ ಎಂಬುದನ್ನು ಬಿಡಿಸಿ ಹೇಳಿ ಶಸ್ತ್ರಕ್ರಿಯೆಯನ್ನು ವಿವರಿಸಿದ ಹಳಬರಲ್ಲಿ ಇಬ್ಬರು ಮುಖ್ಯ. ಏಳನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಗ್ರೀಕ್ ವೈದ್ಯ ಈಜಿನದ ಪಾಲ್ ತನ್ನ ಏಳು ಪುಸ್ತಕಗಳಲ್ಲಿ ಆರನೆಯದನ್ನು ಶಸ್ತ್ರಚಿಕಿತ್ಸೆಗೆ ಮೀಸಲಿಟ್ಟ. ಉಗುರಿನ ಮೇಲೆ ಹತ್ತುವ ಮಾಂಸದ ಮಾತು ಅಲ್ಲಿ ಬರುತ್ತದೆ. ಅವನನ್ನು ಓದಿಕೊಂಡಿದ್ದವನು ಸ್ಪೇನಿನ ಕಾರ್ಡೊಬಾ ಬಳಿಯ ಅಲ್-ಜಹ್ರಾವಿ. ಹತ್ತನೆಯ ಶತಮಾನದಲ್ಲಿ ಹುಟ್ಟಿ 1013ರ ಸುಮಾರಿಗೆ ತೀರಿಕೊಂಡ ಈ ಅರಬ್ ವೈದ್ಯನ ಮೂವತ್ತು ಭಾಗಗಳ ಗ್ರಂಥ ಅಲ್-ತಸ್ರೀಫ್. ಅದರ ಕೊನೆಯ ಭಾಗದಲ್ಲಿ ಉಗುರಿನ ಚಿಕಿತ್ಸೆಯಿದೆ: ತೆಳ್ಳನೆಯ ಸಲಾಕೆಯನ್ನು ಉಗುರಿನ ಕೆಳಗೆ ತೂರಿಸಿ ಎತ್ತಿ ಹಿಡಿದು, ಮಾಂಸವನ್ನು ಮೆಲ್ಲಗೆ ಕತ್ತರಿಸಿ, ಉಳಿದದ್ದಕ್ಕೆ ಸುಡುಮದ್ದು ಹಚ್ಚುವುದು. ಎತ್ತು, ಕತ್ತರಿಸು, ಸುಡು. ಈ ಮೂರು ಕೆಲಸಗಳ ಆಚೆಗೆ ಮುಂದಿನ ಸಾವಿರ ವರ್ಷ ಹೋದದ್ದು ಕಡಿಮೆ. ಹನ್ನೆರಡನೆಯ ಶತಮಾನದಲ್ಲಿ ಕ್ರೆಮೋನದ ಜೆರಾರ್ಡ್ ಈ ಶಸ್ತ್ರಭಾಗವನ್ನು ಲ್ಯಾಟಿನ್ನಿಗೆ ತಂದ ಮೇಲೆ ಅದು ಯುರೋಪಿನ ಪಾಠವಾಯಿತು.

ಯುರೋಪಿನಲ್ಲಿ ವ್ಯಾಜ್ಯ ಎರಡು ಪಕ್ಷವಾದದ್ದು ಹದಿನಾರನೆಯ ಶತಮಾನದಲ್ಲಿ. ಕ್ಷೌರಿಕನಾಗಿ ಕಸುಬು ಕಲಿತು, ಯುದ್ಧಭೂಮಿಯಲ್ಲಿ ಪಳಗಿ, ಫ್ರಾನ್ಸಿನ ಅರಸರ ಶಸ್ತ್ರವೈದ್ಯನಾದ ಆಂಬ್ರವಾಸ್ ಪಾರೆ ಮಾಂಸವನ್ನು ದೂರಿದ. ಹೆಚ್ಚಾದ ಮಾಂಸವನ್ನು ಕೊಯ್ದು ಸುಡುವುದು ಅವನ ಪದ್ಧತಿ. ಇಟಲಿಯ ಪಾದುವಾದಲ್ಲಿ ಪಾಠ ಹೇಳುತ್ತಿದ್ದ, ವಿಲಿಯಂ ಹಾರ್ವೆಯ ಗುರು ಅಕ್ವಾಪೆಂಡೆಂಟೆಯ ಫ್ಯಾಬ್ರೀಷಿಯಸ್ ಅಷ್ಟು ಅವಸರದವನಲ್ಲ. ಅವನು ಉಗುರಿಗೂ ಮಾಂಸಕ್ಕೂ ನಡುವೆ ಮೆತ್ತನೆಯ ನಾರುಬಟ್ಟೆಯ ಎಳೆ ತುರುಕಿ ಅಂಚನ್ನು ಎತ್ತಿ, ಚುಚ್ಚುವ ಭಾಗವನ್ನಷ್ಟೇ ಕತ್ತರಿಸುತ್ತಿದ್ದ. ಬಿಸಿನೀರಿನಲ್ಲಿ ಕಾಲು ನೆನೆಸಿ, ಉಗುರಂಚಿನ ಕೆಳಗೆ ಅರಳೆಯ ಸಣ್ಣ ಬತ್ತಿ ಇಟ್ಟು ದಿನವೂ ಬದಲಿಸುವುದು ಮೊದಲ ಹಂತದ ನೋವಿಗೆ ಇಂದೂ ಹೇಳುವ ಉಪಾಯ.

ಉಗುರಿನ ಪಕ್ಷಕ್ಕೆ ಅತಿ ಕಠೋರ ಶಿಕ್ಷೆ ಸಿಕ್ಕಿದ್ದು ಪ್ಯಾರಿಸ್ಸಿನಲ್ಲಿ. 1815ರಲ್ಲಿ ಹೋಟೆಲ್-ದ್ಯೂ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯನಾದ ಗೀಯೋಮ್ ದ್ಯುಪುಯತ್ರೆಂ ಆ ಕಾಲದ ಅತಿ ಪ್ರಸಿದ್ಧ ಕೈ. ಅವನ ಕ್ರಮ ಹೀಗಿತ್ತು: ಗಟ್ಟಿಯಾದ ನೇರ ಕತ್ತರಿಯ ಒಂದು ಅಲಗನ್ನು ಉಗುರಿನ ತುದಿಯ ನಡುವಿನಿಂದ ಕೆಳಗೆ ತೂರಿಸಿ ಬುಡದವರೆಗೆ ನೂಕುವುದು, ಒಂದೇ ಏಟಿಗೆ ಉಗುರನ್ನು ಎರಡು ಹೋಳು ಮಾಡುವುದು, ನೊಂದ ಪಕ್ಕದ ಹೋಳನ್ನು ಚಿಮ್ಮಟದಲ್ಲಿ ಹಿಡಿದು ಸುರುಳಿ ಸುತ್ತಿ ಕೀಳುವುದು, ಬೇಕೆನಿಸಿದರೆ ಇನ್ನೊಂದನ್ನೂ. ಅರಿವಳಿಕೆ ಇರಲಿಲ್ಲ. ಕೆಲಸ ಕೆಲವೇ ಕ್ಷಣಗಳದ್ದು ಎಂಬುದೊಂದೇ ರೋಗಿಗೆ ಸಮಾಧಾನ. ಅದಕ್ಕಿಂತ ಬೇಸರದ ಸಂಗತಿ, ಆ ನೋವು ತಿಂದದ್ದಕ್ಕೆ ಫಲ ನಿಲ್ಲುತ್ತಿರಲಿಲ್ಲ. ಉಗುರಿನ ಬುಡ ಹಾಗೇ ಉಳಿದಿದ್ದರಿಂದ ಒಂದು ವರ್ಷದೊಳಗೆ ಹೊಸ ಉಗುರು ಬಂದು ಅದೇ ಮಾಂಸಕ್ಕೆ ಮತ್ತೆ ಚುಚ್ಚುತ್ತಿತ್ತು. ಉಗುರಿಲ್ಲದ ದಿನಗಳಲ್ಲಿ ಬೆರಳ ತುದಿಯ ಮಾಂಸ ಮೇಲಕ್ಕೆ ಉಬ್ಬಿರುವುದರಿಂದ, ಹೊಸ ಉಗುರಿಗೆ ದಾರಿ ಮೊದಲಿಗಿಂತ ಇಕ್ಕಟ್ಟು. ಬರೀ ಉಗುರು ಕಿತ್ತು ಕಳಿಸುವ ಪದ್ಧತಿ ಇಷ್ಟಾದರೂ ಇಪ್ಪತ್ತನೆಯ ಶತಮಾನದುದ್ದಕ್ಕೂ ಉಳಿದುಕೊಂಡಿತು. ಇವತ್ತೂ ಅಲ್ಲಲ್ಲಿ ಕಾಣಸಿಗುತ್ತದೆ.

ಬಾಸ್ಟನ್ನಿನಲ್ಲಿ 1846ರ ಅಕ್ಟೋಬರ್ 16ರಂದು ಈಥರ್ ಮೂಸಿಸಿ ಮಾಡಿದ ಶಸ್ತ್ರಚಿಕಿತ್ಸೆ ಎಲ್ಲ ಶಸ್ತ್ರವೈದ್ಯರಿಗೂ ಬಿಡುವು ಕೊಟ್ಟಿತು. ಹೆಬ್ಬೆರಳಿಗೆ ಮಾತ್ರ ಅದು ದೊಡ್ಡ ಮದ್ದು. ಬೆರಳಿಗೆ ತಕ್ಕ ಮದ್ದು ಬಂದದ್ದು 1884ರಲ್ಲಿ ಕಾರ್ಲ್ ಕೊಲ್ಲರ್ ಕೊಕೇನಿನ ಮರಗಟ್ಟಿಸುವ ಗುಣವನ್ನು ತೋರಿಸಿದ ಮೇಲೆ. ಬೆರಳಿನ ಬುಡದ ಎರಡೂ ಪಕ್ಕ ಚುಚ್ಚಿ ನರಗಳನ್ನು ಮಲಗಿಸುವ ವಿಧಾನವನ್ನು ಕೆಲವೇ ವರ್ಷಗಳಲ್ಲಿ ಜರ್ಮನಿಯ ಓಬರ್ಸ್ಟ್ ರೂಢಿಗೆ ತಂದ. ಕೊಕೇನಿನ ಜಾಗಕ್ಕೆ ಮೊದಲು ನೊವೊಕೇನ್, ಆಮೇಲೆ 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ ಲಿಡೊಕೇನ್ ಬಂತು. ಚುಚ್ಚುವ ಜಾಗ ಇಂದಿಗೂ ಅದೇ.

ನೋವು ಹೋದ ಮೇಲೆ ಶಸ್ತ್ರವೈದ್ಯರಿಗೆ ಯೋಚಿಸಲು ಸಮಯ ಸಿಕ್ಕಿತು. ಉಗುರು ಹುಟ್ಟುವುದು ತುದಿಯಲ್ಲಲ್ಲ, ಚರ್ಮದಡಿಯ ಬುಡದ ಅಂಗಾಂಶದಲ್ಲಿ. ಅದು ಇರುವವರೆಗೆ ಉಗುರು ಬಂದೇ ಬರುತ್ತದೆ. 1887ರಲ್ಲಿ ಫ್ರಾನ್ಸಿನ ಕೆನ್ಯೂ ಆ ಅಂಗಾಂಶದ ಎಲ್ಲೆಗಳನ್ನು ಗುರುತಿಸಿ, ಕತ್ತರಿಸಬೇಕಾದದ್ದು ಅದನ್ನು ಎಂದ. ಅದಕ್ಕೆ ಮೂರು ವರ್ಷ ಮೊದಲು ಸ್ವಿಟ್ಜರ್ಲೆಂಡಿನ ಎಮ್ಮರ್ಟ್ ಉಗುರಂಚು, ಅದರ ಬುಡ, ಪಕ್ಕದ ಮಾಂಸ ಮೂರನ್ನೂ ಕಲ್ಲಂಗಡಿಯ ಹೋಳಿನಂತೆ ಒಟ್ಟಿಗೇ ಕೊಯ್ದು ತೆಗೆಯುವುದನ್ನು ಬರೆದಿದ್ದ. ಇಬ್ಬರೂ ಕಕ್ಷಿದಾರರಿಗೆ ಸಮನಾಗಿ ಶಿಕ್ಷೆ ಕೊಟ್ಟ ನ್ಯಾಯ ಅದು. ಜರ್ಮನ್ ಮಾತಿನ ನಾಡುಗಳಲ್ಲಿ ಅವನ ಹೆಸರಿನ ಶಸ್ತ್ರಕ್ರಿಯೆ ಬಹಳ ಕಾಲ ನಡೆಯಿತು. 1929ರಲ್ಲಿ ಅಮೆರಿಕದ ವಿನೋಗ್ರಾಡ್ ಅದನ್ನು ಚಿಕ್ಕದು ಮಾಡಿದ. 1950ರಲ್ಲಿ ಬ್ರಿಟನ್ನಿನ ಝಾಡಿಕ್ ಉಗುರಿನ ಬುಡವನ್ನೇ ಸಂಪೂರ್ಣ ತೆಗೆದು, ಮತ್ತೆಂದೂ ಉಗುರು ಬಾರದಂತೆ ಮಾಡುವ ಶಸ್ತ್ರಕ್ರಿಯೆಯನ್ನು ವರ್ಣಿಸಿದ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಕನ್ನಡದ ಗಾದೆ ಅಕ್ಷರಶಃ ಹೊಂದುವ ಸಂದರ್ಭ ಇದಕ್ಕಿಂತ ಇನ್ನೊಂದು ಸಿಗಲಾರದು. ಅಷ್ಟು ಕೊಯ್ದರೂ ಮೂಲೆಯಲ್ಲಿ ಬುಡದ ಚೂರು ಉಳಿದರೆ ಮುಳ್ಳಿನಂಥ ಉಗುರು ಮತ್ತೆ ಮೂಡುತ್ತಿತ್ತು.

ಕತ್ತಿಗೆ ತಪ್ಪಿಸಿಕೊಳ್ಳುತ್ತಿದ್ದ ಆ ಚೂರನ್ನು ಹಿಡಿದದ್ದು ಒಂದು ದ್ರವ. 1834ರಲ್ಲಿ ಜರ್ಮನಿಯ ರುಂಗೆ ಕಲ್ಲಿದ್ದಲಿನ ಟಾರಿನಿಂದ ಬೇರ್ಪಡಿಸಿದ ಕಾರ್ಬಾಲಿಕ್ ಆಮ್ಲಕ್ಕೆ ಇನ್ನೊಂದು ಹೆಸರು ಫೀನಾಲ್. 1865ರ ಆಗಸ್ಟಿನಲ್ಲಿ ಗ್ಲಾಸ್ಗೋದ ಜೋಸೆಫ್ ಲಿಸ್ಟರ್, ಗಾಡಿಚಕ್ರ ಹರಿದು ಕಾಲು ಮುರಿದ ಹನ್ನೊಂದು ವರ್ಷದ ಹುಡುಗನ ತೆರೆದ ಗಾಯಕ್ಕೆ ಅದನ್ನು ಬಳಸಿದ. ಕೀವಾಗದೆ ಮೂಳೆ ಕೂಡಿತು. ಶಸ್ತ್ರಚಿಕಿತ್ಸೆ ನಂಜಿನ ಭಯದಿಂದ ಬಿಡಿಸಿಕೊಂಡದ್ದು ಆ ದಾರಿಯಲ್ಲಿ. ಕೆಂಪು ಕಾರ್ಬಾಲಿಕ್ ಸಾಬೂನಿನ ವಾಸನೆಯಾಗಿ ಅದು ಮನೆಮನೆಯ ಬಚ್ಚಲಿಗೂ ಬಂತು. ಹಾವು ಬಾರದಿರಲಿ ಎಂದು ಅಂಗಳದ ಮೂಲೆಗೆ ಹಾಕುವ ಆಮ್ಲವಾಗಿ ಕರ್ನಾಟಕದ ಹಳ್ಳಿಗಳಿಗೂ ಅದು ಪರಿಚಿತ. ಗಟ್ಟಿಯಾದ ಫೀನಾಲ್ ಮುಟ್ಟಿದ ಮಾಂಸವನ್ನು ಸುಟ್ಟು ಬೆಳ್ಳಗೆ ಮಾಡುತ್ತದೆ. ಶಸ್ತ್ರವೈದ್ಯರ ಕೈಯನ್ನು ಕಾಡಿದ ಈ ದುರ್ಗುಣವೇ ಕಾಲ್ಬೆರಳಿಗೆ ಒಳ್ಳೆಯದಾಯಿತು. 1945ರಲ್ಲಿ ಅಮೆರಿಕದ ಪಾದಚಿಕಿತ್ಸಕ ಒಟ್ಟೊ ಬೋಲ್, ಉಗುರನ್ನು ತೆಗೆದ ಮೇಲೆ ಅದರ ಬುಡವನ್ನು ಫೀನಾಲಿನಿಂದ ಸುಡುವ ವಿಧಾನವನ್ನು ತನ್ನ ಕಸುಬಿನವರ ಪತ್ರಿಕೆಯಲ್ಲಿ ಬರೆದ.

ಆಮೇಲಿನ ದಶಕಗಳಲ್ಲಿ ಇಡೀ ಉಗುರನ್ನು ಬಿಟ್ಟು, ಚುಚ್ಚುವ ಪಕ್ಕದ ಕಿರಿದಾದ ಪಟ್ಟಿಯನ್ನಷ್ಟೇ ಬುಡದವರೆಗೆ ಸೀಳಿ ತೆಗೆದು ಅಲ್ಲಿಗೆ ಮಾತ್ರ ಫೀನಾಲ್ ಹಚ್ಚುವುದು ರೂಢಿಗೆ ಬಂತು. ಬೆರಳನ್ನು ಮರಗಟ್ಟಿಸಿ, ಬುಡಕ್ಕೆ ಬಿಗಿಯಾಗಿ ರಬ್ಬರು ಕಟ್ಟಿ ರಕ್ತ ನಿಲ್ಲಿಸಿ, ಸುತ್ತಲ ಚರ್ಮಕ್ಕೆ ಮುಲಾಮು ಬಳಿದು, ಶೇಕಡ 80ರಿಂದ 88ರ ಫೀನಾಲ್ ಅದ್ದಿದ ಅರಳೆಯನ್ನು ಕೆಲವು ನಿಮಿಷ ಒತ್ತಿ ತಿರುಗಿಸುವುದು. ರಕ್ತ ನಿಲ್ಲಿಸುವುದು ಏಕೆಂದರೆ, ರಕ್ತ ಬೆರೆತರೆ ಫೀನಾಲಿನ ಕಸುವು ತಗ್ಗುತ್ತದೆ. ಫೀನಾಲ್ ತಾನೇ ನಂಜುನಿರೋಧಕ, ನರದ ತುದಿಯನ್ನೂ ಮಂಕಾಗಿಸುತ್ತದೆ. ಹಾಗಾಗಿ ಆಮೇಲಿನ ನೋವು ಕತ್ತಿಯಲ್ಲಿ ಕೊಯ್ದದ್ದಕ್ಕಿಂತ ಕಡಿಮೆ. ಗಾಯ ಕೆಲವು ವಾರ ಒಸರುತ್ತದೆ ಎಂಬುದು ಅದರ ಕೊರತೆ. ಅಲ್ಲಿಯವರೆಗಿನ ಪರೀಕ್ಷೆಗಳನ್ನೆಲ್ಲ ಒಟ್ಟು ಮಾಡಿ ನೋಡಿದ 1999ರ ಕೊಕ್ರೇನ್ ವಿಮರ್ಶೆ, ಬರೀ ಉಗುರು ಕೀಳುವುದಕ್ಕಿಂತ ಫೀನಾಲ್ ಸೇರಿಸಿದರೆ ತೊಂದರೆ ಮರುಕಳಿಸುವುದು ಬಹಳ ಕಡಿಮೆ ಎಂದಿತು. ಅಲ್-ಜಹ್ರಾವಿಯ ಸುಡುಮದ್ದಿಗೆ ಹೀಗೆ ಲೆಕ್ಕದ ಬೆಂಬಲ ಸಿಕ್ಕಿತು, ಅವನು ಸುಟ್ಟದ್ದು ಮಾಂಸವನ್ನು, ಇವರು ಸುಡುವುದು ಉಗುರಿನ ಬುಡವನ್ನು ಎಂಬ ವ್ಯತ್ಯಾಸದೊಂದಿಗೆ.

ಮಾಂಸವನ್ನು ದೂರುವವರೂ ಸುಮ್ಮನಿರಲಿಲ್ಲ. 1959ರಲ್ಲಿ ವಾಂಡೆನ್‌ಬಾಸ್ ಮತ್ತು ಬವರ್ಸ್ ಅಮೆರಿಕದ ಸೈನ್ಯದ ವೈದ್ಯಪತ್ರಿಕೆಯಲ್ಲಿ, ಭಾರ ಬಿದ್ದಾಗ ಮೇಲಕ್ಕೆ ಉಕ್ಕುವ ಮಾಂಸವೇ ಈ ತೊಂದರೆಯ ಮೂಲ, ಉಗುರು ನಿರ್ದೋಷಿ ಎಂದು ವಾದಿಸಿದರು. ಅವರು ಉಗುರನ್ನು ಮುಟ್ಟದೆ ಪಕ್ಕದ ಮಾಂಸವನ್ನು ಧಾರಾಳವಾಗಿ ಕೊಯ್ದು ಗಾಯವನ್ನು ತೆರೆದಂತೆಯೇ ಮಾಗಲು ಬಿಟ್ಟರು. 1987ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ರೋಗಿಗಳ ಉಗುರಿನ ಆಕಾರವನ್ನು ಅಳೆದು ನೋಡಿ ಅದರಲ್ಲಿ ಅಸಹಜವಾದದ್ದೇನನ್ನೂ ಕಾಣಲಿಲ್ಲ. ಮಾಂಸದ ಮೇಲಿನ ಆರೋಪಕ್ಕೆ ಅದು ಬಲ ಕೊಟ್ಟಿತು. ಇಬ್ಬರನ್ನೂ ರಾಜಿ ಮಾಡಿಸುವ ಉಪಾಯವೂ ಬಂತು: ಸಣ್ಣ ಪ್ಲಾಸ್ಟಿಕ್ ನಳಿಕೆಯನ್ನು ಉದ್ದಕ್ಕೆ ಸೀಳಿ ಉಗುರಂಚಿಗೆ ತೊಡಿಸಿ, ಅಂಚು ಬೆಳೆದು ಮಾಂಸವನ್ನು ದಾಟುವವರೆಗೆ ಅಲ್ಲೇ ಬಿಡುವುದು.

ಉಗುರೂ ಮಾಂಸವೂ ಅಲ್ಲದ ಮೂರನೆಯ ಅಪರಾಧಿಯನ್ನು ವೈದ್ಯರು ಗುರುತಿಸಿದ್ದು ನಿಧಾನವಾಗಿ. ಯುರೋಪಿನಲ್ಲಿ ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಜೋಡು ಹೊಲಿಯುತ್ತಿದ್ದದ್ದು ಬಹುಮಟ್ಟಿಗೆ ನೇರವಾದ ಒಂದೇ ಅಚ್ಚಿನ ಮೇಲೆ. ಎಡಗಾಲಿಗೂ ಬಲಗಾಲಿಗೂ ಆಕಾರ ಒಂದೇ. 1781ರಲ್ಲಿ ಡಚ್ ಅಂಗರಚನಾಶಾಸ್ತ್ರಜ್ಞ ಪೇತ್ರುಸ್ ಕಾಂಪರ್ ಒಳ್ಳೆಯ ಜೋಡಿನ ಆಕಾರ ಹೇಗಿರಬೇಕೆಂದು ಪ್ರಬಂಧ ಬರೆದ. 1858ರಲ್ಲಿ ಜ್ಯೂರಿಕ್ಕಿನ ಹರ್ಮನ್ ಫಾನ್ ಮೇಯರ್ ಇನ್ನೂ ನಿಖರವಾಗಿ, ಹೆಬ್ಬೆರಳಿನ ನಡುವಿನಿಂದ ಎಳೆದ ಗೆರೆ ಹಿಮ್ಮಡಿಯ ನಡುವನ್ನು ಮುಟ್ಟಬೇಕು, ಜೋಡು ಆ ಗೆರೆಯನ್ನು ಸೊಟ್ಟ ಮಾಡಬಾರದು ಎಂದ. ಚೂಪು ಮೂತಿಯ ಬೂಟು ಹೆಬ್ಬೆರಳನ್ನು ಎರಡನೆಯ ಬೆರಳಿಗೆ ಒತ್ತುತ್ತದೆ. ಉಗುರು, ಮಾಂಸ ಎರಡಕ್ಕೂ ಸರಿಯಲು ಜಾಗ ಇಲ್ಲ. ಸೈನ್ಯಗಳಿಗೆ ಇದು ಬರೀ ಸೌಖ್ಯದ ಮಾತಲ್ಲ, ಕುಂಟುವ ಸೈನಿಕ ದಂಡಿಗೆ ಹೊರೆ. 1912ರಲ್ಲಿ ಅಮೆರಿಕದ ಸೇನಾವೈದ್ಯ ಎಡ್ವರ್ಡ್ ಮನ್ಸನ್ ಸೈನಿಕರ ಪಾದಗಳನ್ನು ಪರೀಕ್ಷಿಸಿ, ಬೆರಳಿಗೆ ಅಗಲ ಬಿಟ್ಟ ಅಚ್ಚನ್ನು ಸಿದ್ಧಪಡಿಸಿದ.

ವೈದ್ಯರು ಕೀಳೆಂದು ಬಿಟ್ಟ ಕಾಲುಗಳನ್ನು ನೋಡಿಕೊಳ್ಳಲು ಬೇರೊಂದು ಕಸುಬು ಇಷ್ಟರಲ್ಲಿ ಬೆಳೆದಿತ್ತು. ಫ್ರಾನ್ಸಿನ ಅರಸನ ಪಾದಚಿಕಿತ್ಸಕ ಲಾಫೊರೆಸ್ಟ್ 1781ರಲ್ಲಿ ಪಾದಪಾಲನೆಯ ಪುಸ್ತಕ ಪ್ರಕಟಿಸಿದ. ನಾಲ್ಕು ವರ್ಷದ ಮೇಲೆ ಲಂಡನ್ನಿನ ಡೇವಿಡ್ ಲೋ ಅದರಿಂದ ಧಾರಾಳವಾಗಿ ಎತ್ತಿಕೊಂಡು ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದ. ಕೈರೊಪೊಡಿಸ್ಟ್ ಎಂಬ ಪದ ಅಲ್ಲಿಂದ ಬಂತು. ಕದ್ದವನಿಂದ ಕಸುಬಿಗೆ ಹೆಸರಾದರೂ ಸಿಕ್ಕಿತು. ವಿಕ್ಟೋರಿಯಾ ರಾಣಿಯ ಅರಮನೆಯ ಪಾದಚಿಕಿತ್ಸಕ ಲೂಯಿಸ್ ಡರ್ಲಾಕರ್ 1845ರಲ್ಲಿ ಆಣಿ, ಉಗುರುಗಳ ಮೇಲೆ ಬರೆದ ಗ್ರಂಥ ಈ ಕಸುಬಿಗೆ ಮರ್ಯಾದೆ ತಂದಿತು. ಅಬ್ರಹಾಂ ಲಿಂಕನ್ನನ ಕಾಲು ನೋಡಿದ ಐಸಕರ್ ಜಕರಿ 1862ರಲ್ಲಿ ಅಧ್ಯಕ್ಷನ ಕೈಯಿಂದಲೇ ಪ್ರಶಂಸಾಪತ್ರ ಬರೆಸಿಕೊಂಡ.

ಭಾರತದಲ್ಲಿ ಇಂಥ ಪ್ರತ್ಯೇಕ ಕಸುಬು ಬೇರೂರಲಿಲ್ಲ. ಕನ್ನಡ ನಾಡಿನ ಹಳ್ಳಿಗಳಲ್ಲಿ ಆ ಕೆಲಸ ಆಯಗಾರನಾದ ಕ್ಷೌರಿಕನದು. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದ ಅವನ ಹಡಪದಲ್ಲಿ ಬೋಳಿಸುವ ಕತ್ತಿಯ ಜೊತೆಗೆ ಉಗುರುಗತ್ತಿಯೂ ಇರುತ್ತಿತ್ತು. ಹಳೆ ಮೈಸೂರಿನ ಮದುವೆಗಳಲ್ಲಿ ಉಗುರು ತೆಗೆಯುವುದೇ ಒಂದು ಶಾಸ್ತ್ರ. ಸಂಜೆ ದೀಪ ಹಚ್ಚಿದ ಮೇಲೆ ಉಗುರು ಕತ್ತರಿಸಬಾರದೆಂಬ ಕಟ್ಟಳೆಗೆ ಮಂದ ಬೆಳಕಿನಲ್ಲಿ ಮಾಂಸಕ್ಕೆ ತಗಲುವ ಭಯವೇ ಕಾರಣವೆನ್ನುವ ವಿವರಣೆ ಜನಪ್ರಿಯ. ಬರಿಗಾಲು, ಬಾಯ್ತೆರೆದ ಮೆಟ್ಟು ಹೆಬ್ಬೆರಳನ್ನು ಇಕ್ಕಟ್ಟಿನಿಂದ ಕಾಪಾಡಿದವು, ಎಡವಿದ ಪೆಟ್ಟಿನಿಂದಲ್ಲ. ಶಾಲೆಯ ಕಪ್ಪು ಬೂಟು, ನೈಲಾನ್ ಕಾಲುಚೀಲ, ಕಚೇರಿಯ ಚೂಪು ಮೂತಿಯ ಷೂ ಬಂದ ಮೇಲೆ ಬೆವರಿ ಮೆತ್ತಗಾದ ಚರ್ಮಕ್ಕೆ ಉಗುರು ಇಳಿಯುವುದು ಸುಲಭವಾಯಿತು. ಹದಿಹರೆಯದವರಲ್ಲಿ ಈ ತೊಂದರೆ ಹೆಚ್ಚಾಗಿರುವುದಕ್ಕೆ ಬೆವರೂ ಒಂದು ಕಾರಣ.

ಉಗುರುಗತ್ತಿಯ ಜಾಗಕ್ಕೆ ಬಂದ ನೈಲ್‌ಕಟರಿನ ಪೇಟೆಂಟುಗಳು ಅಮೆರಿಕದಲ್ಲಿ 1870, 1880ರ ದಶಕಗಳವು. ಇಂದು ಎಲ್ಲರ ಮನೆಯಲ್ಲಿರುವ ರೂಪಕ್ಕೆ 1947ರಲ್ಲಿ ವಿಲಿಯಂ ಬ್ಯಾಸೆಟ್ ಕೊನೆಯ ಮೆರುಗು ಕೊಟ್ಟ. ಅದರ ಬಾಗಿದ ಅಲಗು ಕೈಬೆರಳಿಗೆ ಹೇಳಿ ಮಾಡಿಸಿದ್ದು. ಕಾಲಿನ ಹೆಬ್ಬೆರಳಿಗೆ ಹಾಕಿದರೆ ಮೂಲೆ ದುಂಡಗಾಗುತ್ತದೆ, ಅಲ್ಲಿ ಕಣ್ಣಿಗೆ ಕಾಣದ ಮುಳ್ಳೊಂದು ಉಳಿದು ಉಗುರು ಮುಂದೆ ಬೆಳೆದಂತೆ ಮಾಂಸ ಹೊಗುತ್ತದೆ. ನೋವು ಶುರುವಾದವರು ಆ ಮೂಲೆಯನ್ನೇ ಇನ್ನಷ್ಟು ಆಳಕ್ಕೆ ಕತ್ತರಿಸುತ್ತಾರೆ. ಎರಡು ದಿನ ಹಾಯೆನಿಸಿ ಮೂರನೆಯ ವಾರಕ್ಕೆ ನೋವು ಇಮ್ಮಡಿಸುತ್ತದೆ. ಉಗುರಿನ ತುದಿಯ ನಡುವೆ ಕಚ್ಚು ಹಾಕಿದರೆ ಅಂಚುಗಳು ನಡುವಿಗೆ ಸರಿಯುತ್ತವೆ ಎಂಬ ನಂಬಿಕೆಯೂ ವ್ಯಾಪಕ. ಉಗುರು ಬೆಳೆಯುವುದು ಬುಡದಿಂದ; ತುದಿಯಲ್ಲಿ ಏನು ಕೊರೆದರೂ ಬುಡಕ್ಕೆ ಅದರ ಪರಿವೆಯಿಲ್ಲ.

ಉಗುರನ್ನು ನೇರವಾಗಿ, ಮೂಲೆಗಳು ಹೊರಗೆ ಕಾಣುವಂತೆ, ಬೆರಳ ತುದಿಯ ಮಟ್ಟಕ್ಕೆ ಕತ್ತರಿಸುವುದು, ಬೆರಳಾಡುವಷ್ಟು ಜಾಗದ ಜೋಡು ಮೆಟ್ಟುವುದು, ಕಾಲು ಒಣಗಿಸಿಕೊಳ್ಳುವುದು ತಡೆಯ ಕ್ರಮ. ಮೊದಲ ಹಂತದ ನೋವಿಗೆ ಬಿಸಿನೀರು ಮತ್ತು ಅರಳೆಯ ಬತ್ತಿ ಸಾಕಾಗುತ್ತದೆ. ಕೀವು, ಹಸಿಮಾಂಸ ಕಂಡ ಮೇಲೆ ಶಸ್ತ್ರವೈದ್ಯರನ್ನೋ ಚರ್ಮವೈದ್ಯರನ್ನೋ ಕಾಣಬೇಕಾಗುತ್ತದೆ. ಚುಚ್ಚುವ ಮುಳ್ಳು ಒಳಗೇ ಇರುವಾಗ ಬರೀ ಆ್ಯಂಟಿಬಯೋಟಿಕ್ ಮಾತ್ರೆ ನುಂಗಿದರೆ ತೊಂದರೆ ತೀರುವುದಿಲ್ಲ. ಸಕ್ಕರೆ ಕಾಯಿಲೆಯವರು, ಕಾಲಿನ ರಕ್ತಸಂಚಾರ ಕುಗ್ಗಿದವರು ಮೊದಲ ಹಂತದಲ್ಲೂ ತಾವೇ ಕತ್ತರಿ ಹಿಡಿಯುವಂತಿಲ್ಲ. ಮರಗಟ್ಟಿದ ಪಾದಕ್ಕೆ ಗಾಯವಾದದ್ದೇ ಗೊತ್ತಾಗದೆ ನಂಜು ಮೂಳೆಯವರೆಗೆ ಇಳಿಯಬಹುದು. ಕಾಲಿನ ಹೆಬ್ಬೆರಳಿನ ಉಗುರು ಬುಡದಿಂದ ತುದಿ ಮುಟ್ಟಲು ಹನ್ನೆರಡರಿಂದ ಹದಿನೆಂಟು ತಿಂಗಳು ಹಿಡಿಯುತ್ತದೆ. ಯಾವ ಚಿಕಿತ್ಸೆಯಾದರೂ ಗೆದ್ದಿತೋ ಸೋತಿತೋ ಎಂದು ಹೇಳಲು ಅಷ್ಟು ಕಾಲ ಕಾಯಲೇಬೇಕು.